ಮರುಭೂಮಿಯ ಹಾಡಿಗೆ ಈಗ ನಾವೇ ಯಜಮಾನರು

ಮಾನ್ಯ ಸಂಪಾದಕರೇ,

ಚಳಿಗಾಲ ಹತ್ತಿರ ಬಂತೆಂದರೆ ನಮ್ಮ ಕನ್ನಡ ಪತ್ರಿಕೆಗಳ ಪ್ರವಾಸದ ಪುಟಗಳಲ್ಲಿ ಜೈಸಲ್ಮೇರ್ ಕಾಣಿಸಿಕೊಳ್ಳುತ್ತದೆ. ಕೋಟೆ, ಮರಳ ದಿಬ್ಬ, ಒಂಟೆಗಳ ಜೊತೆಗೆ ಬಣ್ಣದ ರುಮಾಲು ಸುತ್ತಿ ಕುಳಿತ ನಾಲ್ಕೈದು ಗಾಯಕರ ಚಿತ್ರವೂ ಇದ್ದೇ ಇರುತ್ತದೆ. ಅದರ ಕೆಳಗೆ ‘ರಾಜಸ್ಥಾನಿ ಜಾನಪದ ಕಲಾವಿದರು’ ಎಂದಷ್ಟೇ ಅಚ್ಚಾಗಿರುತ್ತದೆ. ಅವರ ಹೆಸರೇನು, ಊರು ಯಾವುದು, ಕೈಯಲ್ಲಿರುವ ವಾದ್ಯ ಯಾವುದು ಎಂಬುದು ಓದುಗರಿಗೆ ತಿಳಿಯುವುದೇ ಇಲ್ಲ. ಇದು ನಿಮ್ಮ ಪತ್ರಿಕೆಯೊಂದರ ದೋಷವಲ್ಲ, ನಮ್ಮೆಲ್ಲರ ರೂಢಿ. ಆದರೆ ಆ ಹಾಡನ್ನು ಕೇಳುವವರು, ಹಣ ಕೊಟ್ಟು ಕರೆಸುವವರು, ಮೊಬೈಲಿನಲ್ಲಿ ಹಂಚುವವರು ನಮ್ಮ ನಡುವೆಯೇ ದಿನದಿನಕ್ಕೂ ಹೆಚ್ಚುತ್ತಿರುವಾಗ ಈ ರೂಢಿಯನ್ನು ಹಾಗೆಯೇ ಬಿಡಲಾಗದು ಎಂದು ನನಗೆ ಅನ್ನಿಸಿರುವುದರಿಂದ, ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಚಿತ್ರದಲ್ಲಿ ಕಾಣುವವರು ಬಹುಪಾಲು ಮಾಂಗಣಿಯಾರರು ಅಥವಾ ಲಂಗಾಗಳು. ಮಾಂಗಣಿಯಾರರು ಜೈಸಲ್ಮೇರ್ ಮತ್ತು ಬಾಡಮೇರ್ ಜಿಲ್ಲೆಗಳಲ್ಲೂ ಗಡಿಯಾಚೆ ಸಿಂಧ್‌ನ ಥರ್‌ಪಾರ್ಕರ್, ಉಮರ್‌ಕೋಟ್ ಕಡೆಯಲ್ಲೂ ಇದ್ದಾರೆ; ಲಂಗಾಗಳು ಹೆಚ್ಚಾಗಿ ಬಾಡಮೇರ್ ಮತ್ತು ಜೋಧಪುರದ ಸೀಮೆಯವರು. ಎರಡೂ ಮುಸ್ಲಿಂ ಸಮುದಾಯಗಳು; ಎರಡರಲ್ಲೂ ಹಾಡುವುದು, ನುಡಿಸುವುದು ಹುಟ್ಟಿನಿಂದ ಬಂದ ಕಸುಬು. ಲಂಗಾಗಳ ಯಜಮಾನರು, ಅಂದರೆ ಅವರನ್ನು ಹಾಡಿಸಿ ಪೋಷಿಸುವ ಮನೆಯವರು, ಸಿಂಧಿ ಸಿಪಾಹಿ ಎಂಬ ಮುಸ್ಲಿಂ ಮನೆತನಗಳವರಾದರೆ, ಮಾಂಗಣಿಯಾರರ ಯಜಮಾನರಲ್ಲಿ ಹೆಚ್ಚಿನವರು ರಜಪೂತ ಮೊದಲಾದ ಹಿಂದೂ ಮನೆತನಗಳವರು. ಒಂದೊಂದು ಗಾಯಕ ಕುಟುಂಬಕ್ಕೂ ಇಂತಿಂಥ ಮನೆಗಳು ಎಂದು ಗೊತ್ತುಪಡಿಸಿರುತ್ತದೆ. ತಂದೆಯ ಕಾಲಾನಂತರ ಹೊಲ ಪಾಲಾಗುವ ಹಾಗೆ ಆ ಮನೆಗಳೂ ಮಕ್ಕಳ ನಡುವೆ ಪಾಲಾಗುತ್ತವೆ. ಊರೂರು ತಿರುಗಿ ತಮ್ಮ ಒಕ್ಕಲ ಮನೆಗಳ ಮುಂದೆ ವಂಶಾವಳಿ ಹೇಳಿ ಕಾಳುಕಡಿ ಪಡೆಯುವ ನಮ್ಮ ಹೆಳವರನ್ನು ಬಲ್ಲವರಿಗೆ ಈ ಏರ್ಪಾಟನ್ನು ವಿವರಿಸಬೇಕಾಗಿಲ್ಲ.

ಯಜಮಾನನ ಮನೆಯಲ್ಲಿ ಮಗು ಹುಟ್ಟಿದರೆ ಹಾಲರಿಯಾ ಎಂಬ ಹಾಡುಗಳು ಬೇಕು. ಮದುವೆಯಲ್ಲಿ ಮದುಮಗನನ್ನು ಕುರಿತು ಹಾಡಬೇಕು, ದಿಬ್ಬಣದ ಜೊತೆ ಹೋಗಬೇಕು, ಬೀಗರ ಮುಂದೆ ಮನೆತನದ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳಿ ಶುಭರಾಜ್ ಎಂಬ ಹೊಗಳಿಕೆಯನ್ನು ನುಡಿಯಬೇಕು. ಇದಕ್ಕೆ ಪ್ರತಿಯಾಗಿ ಕಾಳು, ಬಟ್ಟೆ, ಆಡು, ಒಂಟೆ, ಹಣ ಕೊಡುವುದು ಯಜಮಾನನ ಕರ್ತವ್ಯವಾಗಿತ್ತು. ಗಾಯಕನ ಮನೆಯ ಮದುವೆಯಲ್ಲೂ ಯಜಮಾನ ತನ್ನ ಪಾಲಿನ ಖರ್ಚು ಹೊರಬೇಕಾಗಿತ್ತು. ಕೊಡಬೇಕಾದುದನ್ನು ಕೊಡದೆ ಅವಮಾನಿಸುವ ಯಜಮಾನನ ಮನೆಯಲ್ಲಿ ಇನ್ನು ಹಾಡುವುದಿಲ್ಲ ಎಂದು ಸಂಬಂಧ ಕಡಿದುಕೊಳ್ಳುವ ಹಕ್ಕೂ ಗಾಯಕನಿಗಿತ್ತು. ಹಾಗೆ ಕಡಿದುಕೊಂಡರೆ ಅವನ ಸಮುದಾಯದ ಬೇರೊಬ್ಬನೂ ಆ ಮನೆಯ ಹೊಸ್ತಿಲು ತುಳಿಯುತ್ತಿರಲಿಲ್ಲ. ಹಾಡುವವರಿಲ್ಲದ ಮದುವೆ ಆ ಸೀಮೆಯಲ್ಲಿ ಮನೆತನಕ್ಕೇ ಕುಂದು. ಸಂಗೀತವನ್ನು ಇಷ್ಟು ತಲೆಮಾರು ಕಾದುಕೊಂಡು ಬಂದದ್ದು ಈ ಕೊಡುಕೊಳ್ಳುವಿಕೆಯ ಕಟ್ಟುಪಾಡು ಎಂಬುದನ್ನು ನಾವು ಗಮನಿಸಬೇಕು.

ಮುಸ್ಲಿಂ ಗಾಯಕರು ಹಿಂದೂ ಮನೆಯಲ್ಲಿ ದೇವಿಯ ಸ್ತುತಿ ಹಾಡುತ್ತಾರೆ, ಕೃಷ್ಣನ ಭಜನೆ ಹಾಡುತ್ತಾರೆ, ಅದೇ ಕೊರಳಿನಲ್ಲಿ ಶಾ ಅಬ್ದುಲ್ ಲತೀಫ್, ಬುಲ್ಲೇ ಶಾ ಅವರ ಸೂಫಿ ಪದಗಳನ್ನೂ ಹಾಡುತ್ತಾರೆ ಎಂಬುದನ್ನು ನಮ್ಮ ಲೇಖನಗಳು ಸೌಹಾರ್ದದ ಉದಾಹರಣೆಯಾಗಿ ಮತ್ತೆ ಮತ್ತೆ ಹೇಳುತ್ತವೆ. ಅದು ಸತ್ಯ, ಮತ್ತು ಈ ಕಾಲದಲ್ಲಿ ಹೇಳಲೇಬೇಕಾದ ಸತ್ಯ. ಆದರೆ ಅಷ್ಟನ್ನೇ ಹೇಳಿ ಮುಗಿಸಿದರೆ ಆ ಗಾಯಕರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಯಜಮಾನ ಮಂಚದ ಮೇಲೆ, ಗಾಯಕ ನೆಲದ ಮೇಲೆ ಎಂಬ ಅಂತರ ಆ ಸಂಬಂಧದ ಒಳಗೇ ಇದೆ. 2017ರ ಸೆಪ್ಟೆಂಬರ್‌ನಲ್ಲಿ ಜೈಸಲ್ಮೇರ್ ಜಿಲ್ಲೆಯ ದಾಂತಲ್ ಎಂಬ ಹಳ್ಳಿಯಲ್ಲಿ ನವರಾತ್ರಿಯ ರಾತ್ರಿ ಮಾಂಗಣಿಯಾರ ಗಾಯಕರೊಬ್ಬರು ದೇವಿಯ ಮುಂದೆ ಹಾಡುತ್ತಿದ್ದರು. ಅವರು ಹಾಡಿದ ರಾಗದಿಂದ ತನ್ನ ಮೈಮೇಲೆ ದೇವಿ ಬರಲಿಲ್ಲ ಎಂದು ಅಲ್ಲಿನ ಭೋಪಾ, ಅಂದರೆ ದೇವಿ ಮೈಮೇಲೆ ಬರುವ ಪೂಜಾರಿ, ಸಿಟ್ಟಾದ. ಆ ರಾತ್ರಿಯ ಹಲ್ಲೆಯಲ್ಲಿ ಗಾಯಕರು ಪ್ರಾಣ ಕಳೆದುಕೊಂಡರು. ನ್ಯಾಯ ಕೇಳಿದ ಕುಟುಂಬದವರ ಮೇಲೆ ಒತ್ತಡ ಬಂದು, ಸುಮಾರು 200 ಮಾಂಗಣಿಯಾರರು ಊರು ಬಿಟ್ಟರು. ಸೌಹಾರ್ದವನ್ನು ಕೊಂಡಾಡುವ ನಾವು ಈ ಘಟನೆಯನ್ನೂ ಅದರ ಜೊತೆಯಲ್ಲೇ ನೆನಪಿಟ್ಟುಕೊಳ್ಳಬೇಕು.

ಇನ್ನು ಸಂಗೀತದ ಮಾತು. ಇವರ ಹಾಡನ್ನು ‘ಜಾನಪದ’ ಎಂದು ಕರೆದು ಸುಲಭದ, ಕಲಿಯಬೇಕಾದ ಅಗತ್ಯವಿಲ್ಲದ ಸಂಗೀತ ಎಂಬ ಭಾವನೆಯನ್ನು ಹುಟ್ಟಿಸುತ್ತೇವೆ. ಆದರೆ ಮಾಂಗಣಿಯಾರ ಹುಡುಗ ಕಲಿಯುವುದು ರಾಗಗಳನ್ನು. ಸೋರಠ್, ಮಾಂಡ್, ಸಾಮೇರಿ, ಸುಹಬ್, ಖಮಾಯ್ಚಿ ಮೊದಲಾದವುಗಳಲ್ಲಿ ಯಾವುದು ಯಾವ ಹೊತ್ತಿಗೆ, ಯಾವ ಋತುವಿಗೆ ಸಲ್ಲುತ್ತದೆ ಎಂಬುದನ್ನು ಅವನು ಮನೆಯಲ್ಲೇ ಕೇಳಿ ಕೇಳಿ ಅರಿಯುತ್ತಾನೆ. ಹಿರಿಯರು ‘ಮೋಟಾ ಗೀತ್’ ಎಂದು ಕರೆಯುವ ದೊಡ್ಡ ಹಾಡನ್ನು ಹಾಡುವಾಗ, ಮೊದಲು ತಾಳವಿಲ್ಲದೆ ಒಂದೋ ಎರಡೋ ದೋಹಾಗಳನ್ನು (ಎರಡು ಸಾಲಿನ ಪದ್ಯಗಳನ್ನು) ನಿಧಾನವಾಗಿ ಎತ್ತಿಕೊಂಡು ರಾಗದ ಜಾಡನ್ನು ತೆರೆದಿಟ್ಟು, ಕೇಳುವವರ ಮನಸ್ಸು ಅದರಲ್ಲಿ ನೆಲೆಗೊಂಡ ಮೇಲಷ್ಟೇ ಢೋಲಕ್ ಕೂಡಿಸಿಕೊಳ್ಳುತ್ತಾರೆ. ಒಂದೇ ಸಾಲನ್ನು ಹಿಡಿದು ಮೇಲೆ ಕೆಳಗೆ ಓಡಾಡಿಸಿ, ಮತ್ತೊಬ್ಬ ಗಾಯಕನಿಗೆ ಬಿಟ್ಟುಕೊಟ್ಟು, ಅವನಿಂದ ಮರಳಿ ಪಡೆದು ಬೆಳೆಸುತ್ತಾರೆ. ಇಂಥ ಹಾಡಿಗೆ ಹೊತ್ತು ಬೇಕು, ಜೊತೆಗೆ ತಿಳಿದು ತಲೆದೂಗುವ ಯಜಮಾನನೂ ಬೇಕು. ಹಿಂದೆ ಮನೆತನದ ಹಿರಿಯರು ಹಾಡಿನ ನಡುವೆ ತಪ್ಪು ಹಿಡಿಯುವಷ್ಟು ಕೇಳ್ಮೆಯುಳ್ಳವರಾಗಿರುತ್ತಿದ್ದರು.

ಈ ಹಾಡಿನ ಉಸಿರು ಕಮಾಯ್ಚಾ ಎಂಬ ತಂತಿವಾದ್ಯ. ಮಾವಿನ ಮರದ ಒಂದೇ ತುಂಡನ್ನು ಕೊರೆದು ಮಾಡಿದ ದುಂಡನೆಯ ದೊಡ್ಡ ಬುರುಡೆ, ಅದರ ಬಾಯಿಗೆ ಬಿಗಿದ ಆಡಿನ ಚರ್ಮ, ಆ ಚರ್ಮದ ಮೇಲೆ ನಿಂತ, ತಂತಿಗಳನ್ನು ಎತ್ತಿ ಹಿಡಿಯುವ ‘ಕುದುರೆ’ ಎಂಬ ತುಂಡು, ಅದರ ಮೇಲೆ ಹಾದುಹೋಗುವ ಮೂರು ಮುಖ್ಯ ತಂತಿಗಳು. ಈ ಮೂರೂ ಆಡಿನ ಕರುಳಿನಿಂದ ಹೊಸೆದವು. ಅವುಗಳ ಪಕ್ಕದಲ್ಲಿ ತಾವಾಗಿ ಅನುರಣಿಸುವ ಲೋಹದ ತಂತಿಗಳ ಒಂದು ಸಾಲು ಇರುತ್ತದೆ. ಕುದುರೆಯ ಬಾಲದ ಕೂದಲು ಕಟ್ಟಿದ ಉದ್ದನೆಯ ಬಾಗು ಕಮಾನನ್ನು ಎಳೆದಾಗ ಬರುವ ಸ್ವರದಲ್ಲಿ ಪಿಟೀಲಿನ ನಯವಿಲ್ಲ. ಎದೆಯ ಆಳದಿಂದ ಬರುವ ಸ್ವಲ್ಪ ಒರಟಾದ, ತುಂಬು ನಾದ ಅದು. ಜೈಸಲ್ಮೇರ್ ಬಳಿಯ ಹಮೀರಾ ಗ್ರಾಮದ ಸಾಕರ್ ಖಾನರು ಇದನ್ನು ನುಡಿಸುವುದರಲ್ಲಿ ಎಣೆಯಿಲ್ಲದವರು. ಅವರಿಗೆ 2012ರಲ್ಲಿ ಪದ್ಮಶ್ರೀ ಬಂದಿತು, 2013ರಲ್ಲಿ ಅವರು ತೀರಿಕೊಂಡರು. ಲಂಗಾಗಳ ವಾದ್ಯ ಸಿಂಧಿ ಸಾರಂಗಿ. ಅಪರೂಪಕ್ಕೆ ಮಾಂಗಣಿಯಾರರಾಗಿದ್ದೂ ಅದನ್ನೇ ತಮ್ಮದಾಗಿಸಿಕೊಂಡ ಲಾಖಾ ಖಾನರಿಗೆ 2021ರಲ್ಲಿ ಪದ್ಮಶ್ರೀ ಸಂದಿತು. ಎರಡು ಕೈಗಳಲ್ಲಿ ಎರಡೆರಡು ಶೀಶಮ್ ಮರದ ಚಪ್ಪಟೆ ಹಲಗೆಗಳನ್ನು ಯಾವ ಕಟ್ಟೂ ಇಲ್ಲದೆ ಬೆರಳುಗಳಲ್ಲೇ ಹಿಡಿದು ಮಿಂಚಿನಂತೆ ನುಡಿಸುವ ಖಡತಾಲ್ ಪ್ರವಾಸಿಗರ ಕಣ್ಣು ಸೆಳೆಯುತ್ತದೆ. ಆದ್ದರಿಂದ ಇಂದಿನ ವೇದಿಕೆಯಲ್ಲಿ ಅದೇ ಮುಂದೆ ಬಂದು, ಕಮಾಯ್ಚಾ ಹಿಂದಿನ ಸಾಲಿಗೆ ಸರಿದಿದೆ.

ಹಳೆಯ ಏರ್ಪಾಟು ಸಡಿಲವಾದದ್ದಕ್ಕೆ ಕಾರಣಗಳು ಅನೇಕ. 1952ರ ಕಾಯ್ದೆಯಿಂದ ರಾಜಸ್ಥಾನದ ಜಹಗೀರುಗಳು ಸರ್ಕಾರದ ವಶವಾದವು. ಅದು ರೈತರ ಪಾಲಿಗೆ ಆಗಲೇಬೇಕಾಗಿದ್ದ ನ್ಯಾಯ, ಆದರೆ ಜಹಗೀರಿನ ಆಸರೆಯಲ್ಲಿದ್ದ ಗಾಯಕರಿಗೆ ಅದರ ಬದಲಿಗೆ ಯಾವ ಆಸರೆಯೂ ಒದಗಲಿಲ್ಲ. 1947ರಲ್ಲಿ ಎಳೆದ ಗಡಿ ಒಂದೇ ರಾಗ ಹಾಡುವ ಬಂಧುಗಳನ್ನು, ಯಜಮಾನರನ್ನು ಎರಡು ದೇಶಗಳಿಗೆ ಹಂಚಿತು. 1965ರ ಯುದ್ಧದಲ್ಲಿ ನಿಂತುಹೋದ, ಆ ಗಡಿ ದಾಟುವ ರೈಲು 2006ರಲ್ಲಿ ಥಾರ್ ಎಕ್ಸ್‌ಪ್ರೆಸ್ ಆಗಿ ಮತ್ತೆ ಓಡತೊಡಗಿತ್ತು. 2019ರ ಆಗಸ್ಟ್‌ನಿಂದ ಅದೂ ಇಲ್ಲ. ಯಜಮಾನರ ಮಕ್ಕಳು ಜೈಪುರ, ಮುಂಬೈ ಸೇರಿ ಮದುವೆಗೆ ಧ್ವನಿವರ್ಧಕ ಸಾಕು ಎನ್ನತೊಡಗಿದರು.

ಅಂಥ ಹೊತ್ತಿನಲ್ಲಿ ಈ ಗಾಯಕರ ಬಾಗಿಲಿಗೆ ಹೋದವರು ಜಾನಪದ ವಿದ್ವಾಂಸ ಕೋಮಲ್ ಕೊಠಾರಿ. ಕಥೆಗಾರ ವಿಜಯದಾನ್ ದೇಥಾ ಅವರೊಡನೆ 1960ರಲ್ಲಿ ಬೋರುಂದಾ ಎಂಬ ಹಳ್ಳಿಯಲ್ಲಿ ಅವರು ರೂಪಾಯನ್ ಸಂಸ್ಥಾನವನ್ನು ಕಟ್ಟಿದರು. ಹಳ್ಳಿಹಳ್ಳಿ ತಿರುಗಿ ಸಾವಿರಾರು ಗಂಟೆಗಳ ಹಾಡು, ಕಥೆ, ಮಾತುಕತೆಗಳನ್ನು ಧ್ವನಿಮುದ್ರಿಸಿದರು; ಲಂಗಾ ಮತ್ತು ಮಾಂಗಣಿಯಾರರನ್ನು ದೇಶವಿದೇಶದ ವೇದಿಕೆಗಳಿಗೆ ಕರೆದೊಯ್ದರು. ಅವರ ಕೆಲಸದಲ್ಲಿ ನನಗೆ ಅತ್ಯಂತ ಹಿರಿದಾಗಿ ಕಾಣುವುದು, ಅವರು ಹಾಡನ್ನು ಬಿಡಿಯಾಗಿ ಎತ್ತಿಕೊಳ್ಳಲಿಲ್ಲ ಎಂಬುದು. ಸಜ್ಜೆ ಬೆಳೆಯುವ ಸೀಮೆ ಯಾವುದು, ಜೋಳ ಬೆಳೆಯುವ ಸೀಮೆ ಯಾವುದು, ಮನೆಯ ಪೊರಕೆ ಯಾವ ಗಿಡದ್ದು, ನೀರು ಎಲ್ಲಿಂದ ಬರುತ್ತದೆ ಎಂಬಲ್ಲಿಂದ ಅವರು ಹಾಡಿಗೆ ಬಂದರು. ಜೋಧಪುರದ ಹತ್ತಿರ ಮೋಕ್ಲಾವಾಸ್‌ನಲ್ಲಿರುವ ಅರ್ಣಾ ಝರ್ಣಾ ವಸ್ತುಸಂಗ್ರಹಾಲಯದಲ್ಲಿ ಪೊರಕೆಗಳಿಗೇ ಒಂದು ವಿಭಾಗ ಮೀಸಲಾಗಿರುವುದು ಇದೇ ಕಾರಣಕ್ಕೆ. 2004ರಲ್ಲಿ ಅವರಿಗೆ ಪದ್ಮಭೂಷಣ ಬಂದಿತು, ಅದೇ ವರ್ಷ ಅವರು ತೀರಿಕೊಂಡರು. ಜೈಸಲ್ಮೇರ್‌ಗೆ ಹೊರಟ ಕನ್ನಡಿಗರು ದಾರಿಯಲ್ಲಿ ಒಂದು ದಿನ ಅಲ್ಲಿ ಕಳೆಯಲಿ ಎಂದು ನಿಮ್ಮ ಪ್ರವಾಸದ ಪುಟ ಹೇಳಿದರೆ ಓದುಗರಿಗೆ ದೊಡ್ಡ ಉಪಕಾರವಾಗುತ್ತದೆ.

ಇಂದು ಆ ಗಾಯಕರ ಯಜಮಾನರು ಹೋಟೆಲುಗಳು, ಮರಳ ದಿಬ್ಬದ ಡೇರೆಗಳು, ಉತ್ಸವ ಸಮಿತಿಗಳು, ಸಿನಿಮಾದವರು, ಮದುವೆಯ ಗುತ್ತಿಗೆದಾರರು. ಅವರೆಲ್ಲರ ಹಿಂದೆ ಹಣ ತೆರುವವರು ನಾವು. ನಾವು ಯಜಮಾನರ ಜಾಗವನ್ನು ಪಡೆದಿದ್ದೇವೆ, ಯಜಮಾನರ ಹೊಣೆಯನ್ನು ಪಡೆದಿಲ್ಲ. ಹಳೆಯ ಯಜಮಾನನಿಗೆ ತನ್ನ ಗಾಯಕನ ಮಗನ ಹೆಸರು ಗೊತ್ತಿತ್ತು, ಬರಗಾಲದಲ್ಲಿ ಕಾಳು ಕೊಡಬೇಕೆಂಬ ಕಟ್ಟು ಇತ್ತು. 2020ರಲ್ಲಿ ಕೋವಿಡ್ ಬಂದು ಪ್ರವಾಸಿಗರು ನಿಂತಾಗ, ಹಿಂದಿನ ಚಳಿಗಾಲದಲ್ಲಿ ಹಾಡಿಸಿಕೊಂಡವರಲ್ಲಿ ಎಷ್ಟು ಜನ ಆ ಗಾಯಕರ ಮನೆಯ ಒಲೆ ಉರಿಯುತ್ತಿದೆಯೇ ಎಂದು ವಿಚಾರಿಸಿದರು?

ಬೆಂಗಳೂರಿನ ಮದುವೆಯೊಂದರಲ್ಲಿ ನಾನು ಕಂಡದ್ದನ್ನು ಇಲ್ಲಿ ಹೇಳುವುದು ಅವಶ್ಯ. ಮಳೆಗಾಲ. ಬಾಡಮೇರ್ ಕಡೆಯಿಂದ ಕರೆಸಿದ್ದ ತಂಡವನ್ನು ಛತ್ರದ ಬಾಗಿಲ ಬಳಿ, ಅತಿಥಿಗಳು ಚಿತ್ರ ತೆಗೆಸಿಕೊಳ್ಳಲೆಂದು ಕಟ್ಟಿದ್ದ ಹುಲ್ಲಿನ ಚಪ್ಪರದಡಿ ಕೂರಿಸಿದ್ದರು. ವಯಸ್ಸಾದ ಒಬ್ಬರು ಕಮಾಯ್ಚಾ ಶ್ರುತಿ ಮಾಡುತ್ತಿದ್ದರು. ತೇವದ ಗಾಳಿಗೆ ಕರುಳಿನ ತಂತಿ ಸಡಿಲಿ, ಚರ್ಮ ಮೆತ್ತಗಾಗಿ, ಬಿರಡೆ ಎಷ್ಟು ತಿರುವಿದರೂ ಸ್ವರ ಇಳಿದುಹೋಗುತ್ತಿತ್ತು. ಅವರು ವಾದ್ಯವನ್ನು ಹೊದೆಯುವ ಶಾಲಿನಲ್ಲಿ ಸುತ್ತಿ ಮಡಿಲಲ್ಲಿ ಬೆಚ್ಚಗೆ ಇಟ್ಟುಕೊಂಡು, ಸ್ವಲ್ಪ ಹೊತ್ತು ಕೊಡಿ ಎಂದು ಕೇಳಿದರು. ಏರ್ಪಾಡು ಮಾಡಿದ್ದ ಯುವಕ ಗಡಿಯಾರ ತೋರಿಸಿ, ಹಾರ್ಮೋನಿಯಂ ಇದೆಯಲ್ಲ, ಸಿನಿಮಾದ ಹಾಡು ಸಾಕು, ಶುರು ಮಾಡಿ ಎಂದ. ಅವರು ಶುರು ಮಾಡಿದರು. ಶಾಲು ಬಿಚ್ಚಲೇ ಇಲ್ಲ. ಆ ಯುವಕನಲ್ಲಿ ದುರುದ್ದೇಶ ಇರಲಿಲ್ಲ. ಎದುರಿಗಿದ್ದ ವಾದ್ಯ ಏನೆಂಬುದೇ ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಅದನ್ನು ನಾವು ಯಾರೂ ಹೇಳಿರಲಿಲ್ಲ.

ಹೀಗೆ ಹಾರ್ಮೋನಿಯಂ ಬಂದ ಕಡೆಗಳಲ್ಲೆಲ್ಲ ಕಮಾಯ್ಚಾ ಕಲಿಯುವ ಹುಡುಗರು ಕಡಿಮೆಯಾಗುತ್ತಾರೆ, ಕಲಿಯುವವರು ಕಡಿಮೆಯಾದರೆ ಮಾಡುವ ಬಡಗಿಗಳಿಗೆ ಕೆಲಸವಿಲ್ಲ. ಈಗಲೇ ಒಳ್ಳೆಯ ಕಮಾಯ್ಚಾ ಮಾಡಬಲ್ಲವರು ಬೆರಳೆಣಿಕೆಯಷ್ಟು. ಅನೇಕರು ನುಡಿಸುತ್ತಿರುವುದು ಅಜ್ಜನ ಕಾಲದ ವಾದ್ಯವನ್ನು. ದೊಡ್ಡ ಹಾಡುಗಳ ಗತಿಯೂ ಇದೇ. ಐದು ನಿಮಿಷದಲ್ಲಿ ಮುಗಿಸಬೇಕು ಎಂದರೆ ಯಾರೂ ದೋಹಾದಿಂದ ಆರಂಭಿಸುವುದಿಲ್ಲ. ಎಲ್ಲೆಡೆ ಕೇಳಬರುವುದು ಅವೇ ಹತ್ತು ಹನ್ನೆರಡು ಜನಪ್ರಿಯ ಹಾಡುಗಳು.

ಹೆಂಗಸರ ಹಾಡಿನ ಬಗ್ಗೆಯಂತೂ ಯಾರೂ ಬರೆಯುವುದಿಲ್ಲ. ಮಾಂಗಣಿಯಾರ ಹೆಂಗಸರು ಯಜಮಾನರ ಒಳಮನೆಯಲ್ಲಿ, ಹೆಂಗಸರ ನಡುವೆ ಹಾಡುವ ಹಾಡುಗಳ ಸಂಪತ್ತು ಗಂಡಸರದ್ದಕ್ಕಿಂತ ಕಡಿಮೆಯದಲ್ಲ. ಹಲವು ಗಾಯಕರು ಮೊದಲ ಪಾಠ ಕಲಿತದ್ದು ತಾಯಿಯಿಂದ. ಆದರೆ ಹೊರಗಿನ ವೇದಿಕೆ ಅವರಿಗೆ ನಿಷಿದ್ಧ. ಬಾಡಮೇರ್ ಕಡೆಯ ರುಕ್ಮಾ ದೇವಿ ಎರಡೂ ಕಾಲುಗಳ ಬಲವಿಲ್ಲದಿದ್ದರೂ ಆ ಕಟ್ಟನ್ನು ದಾಟಿ ಸಾರ್ವಜನಿಕವಾಗಿ ಹಾಡಿದರು. 2011ರಲ್ಲಿ ಅವರು ತೀರಿಕೊಂಡಾಗ ಅವರ ಮಾಂಡ್ ಗಾಯನವನ್ನು ಬಲ್ಲವರು ರಾಜಸ್ಥಾನದ ಹೊರಗೆ ಎಷ್ಟು ಮಂದಿ ಇದ್ದರು?

ಕಾನೂನು ಪೂರ್ತಿ ಕುರುಡಾಗಿಲ್ಲ. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕರ ಹಕ್ಕನ್ನು ಒಪ್ಪುತ್ತದೆ. 2012ರ ತಿದ್ದುಪಡಿಯ ನಂತರ, ತಮ್ಮ ಪ್ರದರ್ಶನದ ಜೊತೆ ತಮ್ಮ ಹೆಸರು ಇರಬೇಕೆಂದು ಕೇಳುವ ಹಕ್ಕೂ ವಾಣಿಜ್ಯ ಬಳಕೆಯಲ್ಲಿ ಸಂಭಾವನೆಯ ಪಾಲು ಪಡೆಯುವ ಹಕ್ಕೂ ಅವರಿಗಿದೆ. ಪ್ರದರ್ಶಕ ಎಂದರೆ ಯಾರು ಎಂದು ಹೇಳುವಾಗ ಆ ಕಾಯ್ದೆ ಹಾವಾಡಿಗರನ್ನೂ ಹೆಸರಿಸುತ್ತದೆ. ಅದೇ ದೇಶದ 1972ರ ವನ್ಯಜೀವಿ ಕಾಯ್ದೆಯಿಂದ ಹಾವು ಹಿಡಿಯುವ ಕಸುಬು ಕಳೆದುಕೊಂಡ ರಾಜಸ್ಥಾನದ ಕಾಲ್ಬೇಲಿಯಾ ಸಮುದಾಯ ಪುಂಗಿಯನ್ನೂ ನೃತ್ಯವನ್ನೂ ನಂಬಿ ಬದುಕು ಕಟ್ಟಿಕೊಂಡಿತು; ಅದರ ಹಾಡು ಮತ್ತು ನೃತ್ಯ 2010ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿದವು. ಆದರೆ ಒಂದು ಸಮುದಾಯ ತಲೆಮಾರುಗಳಿಂದ ಬೆಳೆಸಿದ ಹಾಡಿನ ಮೇಲೆ ಆ ಸಮುದಾಯಕ್ಕೇ ಇರಬೇಕಾದ ಹಕ್ಕನ್ನು ರಕ್ಷಿಸುವ ಪ್ರತ್ಯೇಕ ಕಾನೂನು ನಮ್ಮಲ್ಲಿ ಇಲ್ಲ. ಅಂಥ ಹಾಡು ‘ಸಾಂಪ್ರದಾಯಿಕ’ ಎಂಬ ಒಂದು ಹಣೆಪಟ್ಟಿಯೊಂದಿಗೆ ಸಿನಿಮಾ ಸೇರುತ್ತದೆ, ದೇಶವೆಲ್ಲ ಅದಕ್ಕೆ ಕುಣಿಯುತ್ತದೆ, ಹಾಡನ್ನು ಕಾಪಾಡಿಕೊಂಡು ಬಂದ ಹಳ್ಳಿಗೆ ಅದರಿಂದ ಏನೂ ತಲುಪುವುದಿಲ್ಲ.

ವೇದಿಕೆ ಮತ್ತು ಮಾರುಕಟ್ಟೆಯಿಂದ ಒಳಿತೇ ಆಗಿಲ್ಲ ಎಂದು ನಾನು ಹೇಳುತ್ತಿಲ್ಲ. ಮಾಂಗಣಿಯಾರ ಗಾಯಕ ಅನ್ವರ್ ಖಾನರಿಗೆ 2020ರಲ್ಲಿ ಪದ್ಮಶ್ರೀ ಬಂದಿದೆ, ಮಾಮೇ ಖಾನರ ಕೊರಳು ಜಗತ್ತಿಗೆ ಪರಿಚಿತವಾಗಿದೆ, 2007ರಿಂದ ಜೋಧಪುರದ ಮೆಹರಾನ್‌ಗಢ ಕೋಟೆಯಲ್ಲಿ ನಡೆಯುತ್ತಿರುವ ಉತ್ಸವ ಹಳ್ಳಿಯ ಗಾಯಕರನ್ನು ಬೇರೆ ದೇಶಗಳ ಸಂಗೀತಗಾರರ ಸಮಕ್ಕೆ ಕೂರಿಸಿದೆ. ಯಜಮಾನನ ಅಂಗಳದಲ್ಲಿ ನೆಲದ ಮೇಲೆ ಕೂರಬೇಕಾಗಿದ್ದ ಗಾಯಕನಿಗೆ ಟಿಕೆಟ್ ಕೊಂಡು ಬಂದ ಶ್ರೋತೃಗಳ ಮುಂದೆ ತಲೆಯೆತ್ತಿ ಕೂರುವ ಅವಕಾಶ ದೊಡ್ಡ ವಿಷಯ. ಹಳೆಯ ಕಟ್ಟುಪಾಡು ಹಾಗೆಯೇ ಮರಳಲಿ ಎಂದು ಬಯಸುವುದು ತಪ್ಪಾಗುತ್ತದೆ. ಅದರಲ್ಲಿದ್ದ ಹೊಣೆಗಾರಿಕೆಯನ್ನು ಮಾತ್ರ, ಅದರ ಮೇಲುಕೀಳನ್ನು ಬಿಟ್ಟು, ಹೊಸ ಯಜಮಾನರಾದ ನಾವು ಹೊರಬೇಕು ಎಂಬುದು ನನ್ನ ವಾದ.

ಹೊರುವುದು ಕಷ್ಟವೇನಲ್ಲ. ರಾಜಸ್ಥಾನದಿಂದ ತಂಡವನ್ನು ಕರೆಸುವವರು ಕಮಾಯ್ಚಾ ಅಥವಾ ಸಾರಂಗಿ ಇರಲಿ ಎಂದು ಮೊದಲೇ ಕೇಳಬೇಕು, ಶ್ರುತಿ ಮಾಡಿಕೊಳ್ಳಲು ಒಣಗಿದ ಕೋಣೆಯನ್ನು ಕೊಡಬೇಕು, ಒಂದಾದರೂ ದೊಡ್ಡ ಹಾಡನ್ನು ಪೂರ್ತಿ ಹಾಡಿಸಬೇಕು, ಹಣವನ್ನು ಮಧ್ಯವರ್ತಿಯ ಕೈಗೆ ಕೊಡದೆ ಗಾಯಕರ ಕೈಗೇ ಕೊಡಬೇಕು. ಜೈಸಲ್ಮೇರ್‌ಗೆ ಹೋಗುವ ಕನ್ನಡಿಗರು ಡೇರೆಯ ಮುಂದೆ ಸಿನಿಮಾ ಹಾಡು ಕೇಳುವ ಬದಲು, ನಿಮ್ಮ ಮನೆಯ ಹಾಡು ಯಾವುದು ಎಂದು ಗಾಯಕರನ್ನು ಕೇಳಲಿ. ಹಾಗೆ ಕೇಳಿದವರ ಮುಂದೆ ಅವರ ಮುಖ ಹೇಗೆ ಅರಳುತ್ತದೆ ಎಂಬುದನ್ನು ನಾನು ಕಂಡಿದ್ದೇನೆ. ಚಿತ್ರೀಕರಿಸಿದ ದೃಶ್ಯವನ್ನು ಹಂಚುವವರು ಹಾಡಿದವರ ಹೆಸರನ್ನೂ ಊರನ್ನೂ ಬರೆಯಲಿ.

ನಿಮ್ಮ ಪತ್ರಿಕೆಯಲ್ಲಿ ನನ್ನ ವಿನಂತಿ ಎರಡು. ಮುಂದೆ ಈ ಗಾಯಕರ ಚಿತ್ರವನ್ನು ಅಚ್ಚು ಹಾಕುವಾಗ ಅವರ ಹೆಸರು, ಊರು, ವಾದ್ಯಗಳನ್ನು ಕೇಳಿ ತಿಳಿದು ಬರೆಯುವಂತೆ ನಿಮ್ಮ ವರದಿಗಾರರಿಗೂ ಛಾಯಾಗ್ರಾಹಕರಿಗೂ ಹೇಳಿ. ಎರಡನೆಯದಾಗಿ, ನಮ್ಮ ರಾಜ್ಯದ ಸಂಸ್ಥೆಗಳ ಮುಂದೆ ಒಂದು ಪ್ರಸ್ತಾಪವನ್ನು ನಿಮ್ಮ ಮೂಲಕ ಇಡಬಯಸುತ್ತೇನೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಅವು ಒಂದು ಬೇಸಿಗೆಯಲ್ಲಿ ಒಬ್ಬ ಕಮಾಯ್ಚಾ ವಾದಕರನ್ನೂ ಅದನ್ನು ಮಾಡುವ ಒಬ್ಬ ಬಡಗಿಯನ್ನೂ ಕೆಲವು ವಾರ ಕರೆಸಿಕೊಂಡು, ನಮ್ಮ ಕಿನ್ನರಿ ಜೋಗಿಗಳನ್ನು, ಚೌಡಿಕೆ ಮತ್ತು ಏಕತಾರಿ ಮಾಡುವವರನ್ನು, ಹೆಳವರನ್ನು ಅವರ ಜೊತೆ ಕೂರಿಸಲಿ. ಚರ್ಮ ಬಿಗಿಯುವ, ತಂತಿ ಹೊಸೆಯುವ ಕೆಲಸವನ್ನು ಅವರು ಪರಸ್ಪರ ನೋಡಿ ಕಲಿಯಲಿ. ಒಕ್ಕಲ ಮನೆಗಳು ಊರು ಬಿಟ್ಟು ಹೋದ ಮೇಲೆ ತಮ್ಮ ವಿದ್ಯೆಯಿಂದ ಬದುಕುವುದು ಹೇಗೆಂಬ ಪ್ರಶ್ನೆ ಅವರೆಲ್ಲರಿಗೂ ಸಮಾನವಾದದ್ದು. ಅದರ ಚರ್ಚೆಯನ್ನು ಅವರೇ ನಡೆಸಲಿ, ಕೇಳಿ ಬರೆದುಕೊಳ್ಳುವ ಕೆಲಸವನ್ನು ವಿದ್ವಾಂಸರು ಮಾಡಲಿ. ಅಂಥ ಶಿಬಿರ ಏರ್ಪಟ್ಟರೆ ಅದರ ವೆಚ್ಚದಲ್ಲಿ ನನ್ನ ಕೈಲಾದ ಪಾಲನ್ನು ಕೊಡಲು ಸಿದ್ಧನಿದ್ದೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ,
ಧಾರವಾಡ